ಉದ್ದ ಕೂದಲಿನ ಪುಟ್ಟ ನಾಯಿ: ಯಾವ ಬ್ರಷ್, ಎಷ್ಟು ಉದ್ದ, ಯಾರ ಕೈಲಿ ಕತ್ತರಿ?

ಬ್ರಷ್ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಕಿವಿಯ ಹಿಂದಿನ ಕೂದಲೊಳಗೆ ಬೆರಳು ಇಳಿಸಿ. ಬೆರಳ ತುದಿಗೆ ಚರ್ಮ ತಾಗಬೇಕು. ಆಮೇಲೆ ಮುಂಗಾಲಿನ ಕಂಕುಳು, ಕೊರಳಪಟ್ಟಿಯ ಅಡಿ, ಹಿಂಗಾಲಿನ ಸಂದು, ಬಾಲದ ಬುಡ. ಎಲ್ಲಾದರೂ ಬೆರಳು ಗಟ್ಟಿ ಉಂಡೆಗೆ ತಗುಲಿ ನಿಂತರೆ ಅಲ್ಲಿ ಗಂಟು ಶುರುವಾಗಿದೆ. ದಿನಾ ಬ್ರಷ್ ಮಾಡುವ ಮನೆಯಲ್ಲೂ ಇದು ಸಿಗುತ್ತದೆ. ಬೆನ್ನ ಮೇಲೆ ಕೂದಲು ಹೊಳೆಯುತ್ತಿರುತ್ತದೆ, ಬುಡದಲ್ಲಿ ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತದೆ. ಮೇಲೆ ಥಳುಕು, ಒಳಗೆ ಹುಳುಕು.

ತಪ್ಪು ಬ್ರಷ್‌ದಿರಬಹುದು. ಬ್ರಷ್ ಹಿಡಿದ ರೀತಿಯದಿರಬಹುದು. ಅಥವಾ ನಮಗಿರುವ ಪುರುಸೊತ್ತಿಗೆ ಆ ಕೂದಲೇ ಜಾಸ್ತಿ ಉದ್ದವಾಗಿರಬಹುದು. ಅಂಗಡಿಯಲ್ಲಿ ಬ್ರಷ್‌ಗಳ ಸಾಲಿನ ಮುಂದೆ ನಿಂತಾಗ ನಮ್ಮ ತಲೆಗೆ ಮೊದಲನೆಯದು ಮಾತ್ರ ಹೊಳೆಯುತ್ತದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಂದೇ ಒಂದು ಸಾಮಾನು ಕೊಳ್ಳುವುದಾದರೆ ಬ್ರಷ್ ಬಿಟ್ಟು ಸ್ಟೀಲ್ ಬಾಚಣಿಗೆ ಕೊಳ್ಳಿ. ಮಿಕ್ಕ ಆಯ್ಕೆಗಳೆಲ್ಲ ನಿಮ್ಮ ನಾಯಿಯ ಕೂದಲಿನ ಮೇಲೂ ನಿಮ್ಮ ದಿನಚರಿಯ ಮೇಲೂ ನಿಂತಿವೆ.

ಕೂದಲು ಯಾವ ಥರದ್ದು?

ಮಾಲ್ಟೀಸ್, ಯಾರ್ಕ್‌ಶೈರ್ ಟೆರಿಯರ್‌ಗಳ ಕೂದಲು ನಮ್ಮ ತಲೆಗೂದಲಿನಂತೆ ನುಣುಪು, ಇಳಿಬೀಳುವಂಥದ್ದು. ಅಡಿಯಲ್ಲಿ ಬೇರೆ ತುಪ್ಪಳ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಇಂಥ ಕೂದಲು ಸುಲಭವಾಗಿ ತುಂಡಾಗುತ್ತದೆ, ಆದರೆ ಸಿಕ್ಕನ್ನು ಬೇಗ ಹಿಡಿದರೆ ಸುಲಭವಾಗಿ ಬಿಡಿಸಲೂ ಬರುತ್ತದೆ. ಶಿಟ್ಜು, ಲಾಸಾ ಆಪ್ಸೊ, ಹವನೀಸ್‌ಗಳಿಗೆ ಉದ್ದ ಕೂದಲಿನ ಜೊತೆಗೆ ಕೆಳಗೆ ಮೆತ್ತನೆಯ ಇನ್ನೊಂದು ಪದರ ಇರುತ್ತದೆ. ಗಂಟು ಕಟ್ಟುವುದರಲ್ಲಿ ಇವೇ ಮುಂದು. ಪೊಮೆರೇನಿಯನ್ ಕಥೆಯೇ ಬೇರೆ. ಅದರ ಮೇಲಿನ ಕೂದಲು ಸ್ವಲ್ಪ ಒರಟು, ನೆಟ್ಟಗೆ ನಿಲ್ಲುತ್ತದೆ. ಅದನ್ನು ಹಾಗೆ ನಿಲ್ಲಿಸುವುದೇ ಕೆಳಗಿನ ದಟ್ಟ ತುಪ್ಪಳ. ಪ್ಯಾಪಿಯೊನ್‌ಗೆ ಒಳತುಪ್ಪಳ ಇಲ್ಲ, ಉದ್ದವೆಲ್ಲ ಕಿವಿ, ಎದೆ, ತೊಡೆ ಮತ್ತು ಬಾಲದಲ್ಲಿ. ಹಾಗಾಗಿ ಅದು ಈ ಗುಂಪಿನಲ್ಲಿ ಎಲ್ಲಕ್ಕಿಂತ ಸುಲಭದ ನಾಯಿ.

‘ಇದಕ್ಕೆ ಕೂದಲು ಉದುರೋದೇ ಇಲ್ಲ’ ಎಂದು ಹೇಳಿ ಮರಿ ಕೊಡುವವರು ಬಹಳ. ಉದುರದ ನಾಯಿ ಇಲ್ಲ. ಶಿಟ್ಜು, ಮಾಲ್ಟೀಸ್‌ಗಳಲ್ಲಿ ಒಂದೊಂದು ಕೂದಲೂ ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಉದುರುವುದು ಕಡಿಮೆ. ಉದುರಿದ್ದು ಕೂಡ ನೆಲಕ್ಕೆ ಬೀಳುವುದಿಲ್ಲ, ಪಕ್ಕದ ಉದ್ದ ಕೂದಲಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ. ಗಂಟಿನ ಮೂಲ ಅದು. ನೆಲ ಗುಡಿಸುವ ಕೆಲಸ ಉಳಿಯಿತು, ಬಾಚುವ ಕೆಲಸ ಬಂತು, ಅಷ್ಟೇ.

ಮರಿಯ ಮೆತ್ತನೆ ಕೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುವ ಕಾಲವೊಂದಿದೆ, ಸಾಮಾನ್ಯವಾಗಿ 6ರಿಂದ 12 ತಿಂಗಳ ವಯಸ್ಸಿನೊಳಗೆ. ಆಗ ಹಳೆಯದೂ ಹೊಸದೂ ಒಟ್ಟಿಗೆ ಇದ್ದು, ಬೆಳಿಗ್ಗೆ ಬಾಚಿದ್ದು ಸಂಜೆಗೆ ಮತ್ತೆ ಸಿಕ್ಕು. ಇದು ನಿಮ್ಮ ಸೋಲು ಅಂದುಕೊಳ್ಳಬೇಡಿ. ಆ ಕೆಲವು ತಿಂಗಳ ಮಟ್ಟಿಗೆ ಕೂದಲನ್ನು ಗಿಡ್ಡ ಮಾಡಿಸಿಬಿಡುವುದು ನಾಯಿಗೂ ಮನೆಯವರಿಗೂ ಒಳ್ಳೆಯದು. (ಪೊಮೆರೇನಿಯನ್‌ಗೆ ಈ ಮಾತು ಹೊಂದುವುದಿಲ್ಲ. ಕಾರಣ ಮುಂದೆ ಹೇಳುತ್ತೇನೆ.)

ಪಿನ್ ಬ್ರಷ್, ಸ್ಲಿಕರ್, ಬಾಚಣಿಗೆ

ಪಿನ್ ಬ್ರಷ್ ನೋಡಲು ನಾವು ತಲೆ ಬಾಚುವ ಬ್ರಷ್‌ನಂತೆಯೇ ಇರುತ್ತದೆ. ಮೆತ್ತನೆ ರಬ್ಬರ್ ದಿಂಬಿನ ಮೇಲೆ ಉದ್ದುದ್ದ ಲೋಹದ ಕಡ್ಡಿಗಳು. ಸಿಕ್ಕಿಲ್ಲದ ಉದ್ದ ಕೂದಲನ್ನು ಬಿಡಿಬಿಡಿಯಾಗಿ ಇಡಲು ಇದಕ್ಕಿಂತ ಹಿತವಾದದ್ದಿಲ್ಲ. ಕೂದಲನ್ನು ಕೀಳುವುದಿಲ್ಲ, ನಾಯಿಯೂ ಕಣ್ಣು ಮುಚ್ಚಿಕೊಂಡು ಮಾಡಿಸಿಕೊಳ್ಳುತ್ತದೆ. ಕೊಳ್ಳುವಾಗ ಕಡ್ಡಿಯ ತುದಿ ನೋಡಿ. ತುದಿಯಲ್ಲಿ ಪ್ಲಾಸ್ಟಿಕ್ ಗುಂಡು ಇರುವ ಬ್ರಷ್ ಚರ್ಮಕ್ಕೆ ಮೃದು ಅಂತ ಅನಿಸುತ್ತದೆ, ಆದರೆ ಉದ್ದ ಕೂದಲು ಆ ಗುಂಡಿನ ಬುಡಕ್ಕೆ ಸಿಕ್ಕಿ ತುಂಡಾಗುತ್ತದೆ. ನಯವಾಗಿ ಉಜ್ಜಿದ, ಗುಂಡಿಲ್ಲದ ತುದಿಯೇ ವಾಸಿ. ಪಿನ್ ಬ್ರಷ್‌ನ ದೋಷ ಒಂದೇ: ಗಂಟು ಸಿಕ್ಕಿದರೆ ಕಡ್ಡಿಗಳು ಬಾಗಿಕೊಂಡು ಅದರ ಮೇಲೆ ದಾಟಿ ಹೋಗುತ್ತವೆ. ಗಂಟಿದೆ ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಸ್ಲಿಕರ್ ಬ್ರಷ್‌ನದು ತೆಳ್ಳಗಿನ, ತುದಿಯಲ್ಲಿ ಸ್ವಲ್ಪ ಬಗ್ಗಿದ ತಂತಿಗಳ ಚಪ್ಪಟೆ ಹಲಗೆ. ಸಣ್ಣ ಸಿಕ್ಕುಗಳನ್ನು ಬಿಚ್ಚುವುದು, ಸತ್ತ ಕೂದಲು ಎತ್ತುವುದು ಇದರ ಕೆಲಸ. ಶಿಟ್ಜು, ಲಾಸಾ, ಪೊಮೆರೇನಿಯನ್‌ಗೆ ಇದು ಬೇಕೇ ಬೇಕು. ಮಾಲ್ಟೀಸ್, ಯಾರ್ಕಿಗಳ ಉದ್ದ ಬಿಟ್ಟ ಕೂದಲಿಗೆ ದಿನಾ ಬಳಸಿದರೆ ತುದಿಗಳು ಸೀಳುತ್ತವೆ. ಕಾಲು, ಬಾಲದಲ್ಲಿ ಸಿಕ್ಕು ಕಂಡಾಗ ಅಷ್ಟಕ್ಕೆ ಬಳಸಿದರೆ ಸಾಕು. ಸ್ಲಿಕರ್ ಹಿಡಿಯುವ ಕೈ ಹಗುರವಾಗಿರಬೇಕು. ಮೊದಲು ನಿಮ್ಮ ಮುಂಗೈಯ ಒಳಭಾಗದ ಮೇಲೆ ಎಳೆದು ನೋಡಿ. ನಿಮಗೆ ಚುರುಕ್ ಅಂದರೆ ನಾಯಿಗೂ ಚುರುಕ್ ಅನ್ನುತ್ತದೆ, ಅದರ ಚರ್ಮ ನಮ್ಮದಕ್ಕಿಂತ ತೆಳು. ಒಂದೇ ಜಾಗವನ್ನು ಉಜ್ಜಿ ಉಜ್ಜಿ ಕೆಂಪಗೆ ತರಚಿದ ಗಾಯ ಮಾಡುವುದು ಹೊಸಬರ ಕೈಯಲ್ಲಿ ಸಾಮಾನ್ಯ. ಮರುದಿನ ನಾಯಿ ಅಲ್ಲೇ ನೆಕ್ಕುತ್ತಾ ಕೂರುತ್ತದೆ.

ಸ್ಟೀಲ್ ಬಾಚಣಿಗೆಯಲ್ಲಿ ಅರ್ಧ ಭಾಗ ಅಗಲ ಹಲ್ಲು, ಇನ್ನರ್ಧ ಒತ್ತೊತ್ತಾದ ಹಲ್ಲು. ಅದು ಸುಳ್ಳು ಹೇಳುವುದಿಲ್ಲ. ಬ್ರಷ್ ಮಾಡಿ ಆದ ಮೇಲೆ ಅಗಲ ಹಲ್ಲಿನ ಕಡೆಯಿಂದ ಬುಡಕ್ಕೆ ಇಳಿಸಿ ಹೊರಗೆ ಎಳೆಯಿರಿ. ತಡೆಯಿಲ್ಲದೆ ಬಂದರೆ ಒತ್ತು ಹಲ್ಲಿನ ಕಡೆಯಿಂದ ಇನ್ನೊಮ್ಮೆ. ಎಲ್ಲಿ ನಿಂತಿತೋ ಅಲ್ಲಿ ಕೆಲಸ ಬಾಕಿ ಇದೆ. ದೊಡ್ಡ ನಾಯಿಗಳಿಗೆಂದು ಮಾಡಿದ ಉದ್ದ ಬಾಚಣಿಗೆ ಪುಟ್ಟ ನಾಯಿಯ ಕಂಕುಳಲ್ಲಿ ಆಡುವುದಿಲ್ಲ, ಗಿಡ್ಡದ್ದು ತನ್ನಿ. ಹಲ್ಲುಗಳು ತಿರುಗುವ ಬಾಚಣಿಗೆಯೂ ಸಿಗುತ್ತದೆ. ನಾಯಿಗೆ ಎಳೆತ ಕಮ್ಮಿ, ಅದೊಂದು ಲಾಭ. ಪರೀಕ್ಷೆಗೆ ಮಾತ್ರ ಅದು ಆಗದು, ಸಣ್ಣ ಸಿಕ್ಕಿನ ಮೇಲೆ ಹಲ್ಲು ಉರುಳಿಕೊಂಡು ಹೋಗುತ್ತದೆ.

ಇನ್ನುಳಿದವನ್ನು ಬೇಗ ಮುಗಿಸೋಣ. ಮೃದು ಕೂದಲಿನ ಬ್ರಷ್ ಕೊನೆಯಲ್ಲಿ ಹೊಳಪಿಗೆ, ಅಷ್ಟೇ. ರಬ್ಬರ್ ಕೈಗವಸು ಗಿಡ್ಡ ಕೂದಲಿನ ನಾಯಿಗಳದ್ದು, ಇಲ್ಲಿ ಸುಮ್ನೆ ದಂಡ. ಸಣ್ಣ ಹಲ್ಲಿನ ಅಲಗಿರುವ, ‘ಉದುರುವ ಕೂದಲನ್ನು ತೊಂಬತ್ತು ಭಾಗ ಕಮ್ಮಿ ಮಾಡುತ್ತದೆ’ ಅಂತೆಲ್ಲ ಬರೆದಿರುವ ಸಾಧನವನ್ನು ಮಾಲ್ಟೀಸ್, ಯಾರ್ಕಿಗಳಂಥ ರೇಷ್ಮೆ ಕೂದಲಿನ ನಾಯಿಗೆ ಮುಟ್ಟಿಸಲೇಬೇಡಿ, ಅದು ಒಳ್ಳೆಯ ಕೂದಲನ್ನೂ ಕತ್ತರಿಸುತ್ತದೆ. ಕುಂಟೆಯಂತೆ ಅಗಲ ಹಲ್ಲಿರುವ ರೇಕ್ ಪೊಮೆರೇನಿಯನ್ ತುಪ್ಪಳ ಬಿಡುವ ಕಾಲದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಶಿಟ್ಜುಗೆ ಬೇಡ.

ಹಾಗಾದರೆ ನನ್ನ ಜೋಡಿಗಳು ಇವು. ರೇಷ್ಮೆ ಕೂದಲಿಗೆ ಪಿನ್ ಬ್ರಷ್ ಮತ್ತು ಬಾಚಣಿಗೆ. ಶಿಟ್ಜು, ಲಾಸಾದಂಥವನ್ನು ಗಿಡ್ಡ ಇಟ್ಟಿದ್ದರೆ ಸ್ಲಿಕರ್ ಮತ್ತು ಬಾಚಣಿಗೆ, ಉದ್ದ ಬಿಟ್ಟಿದ್ದರೆ ಮೂರೂ. ಪೊಮೆರೇನಿಯನ್‌ಗೆ ಸ್ಲಿಕರ್, ಬಾಚಣಿಗೆ, ಬೇಕಾದರೆ ರೇಕ್.

ಮೇಲಿಂದ ಸವರೋದಾ, ಬೈತಲೆ ತೆಗೆದು ಬಾಚೋದಾ?

ಇಲ್ಲಿ ಆಯ್ಕೆಯೇ ಇಲ್ಲ ಅನ್ನಿ. ಆದರೂ ಮುಕ್ಕಾಲು ಮಂದಿ ಮೇಲಿಂದ ಸವರುತ್ತಾರೆ, ಆದ್ದರಿಂದ ಬೈತಲೆ ತೆಗೆಯುವ ರೀತಿ ಬಿಡಿಸಿ ಹೇಳುತ್ತೇನೆ.

ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ. ಹೊಟ್ಟೆಯ ಹತ್ತಿರ, ಕೆಳಗಿನಿಂದ ಶುರು. ಎಡ ಅಂಗೈಯಿಂದ ಮೇಲಿನ ಕೂದಲನ್ನೆಲ್ಲ ಬೆನ್ನಿನ ಕಡೆಗೆ ಎತ್ತಿ ಹಿಡಿದರೆ ಕೆಳಗೆ ಒಂದು ತೆಳು ಪದರ ಮಾತ್ರ ಉಳಿಯುತ್ತದೆ, ನಡುವೆ ಚರ್ಮದ ಬಿಳಿ ಗೆರೆ ಕಾಣುತ್ತದೆ. ಆ ಗೆರೆ ಕಂಡರೆ ಸರಿ ಹಿಡಿದಿದ್ದೀರಿ. ಉಳಿದ ಪದರಕ್ಕೆ ತುಸು ನೀರು ಚಿಮುಕಿಸಿ, ಬುಡದಿಂದ ತುದಿಯವರೆಗೆ ಬ್ರಷ್ ಎಳೆಯಿರಿ. ಪೂರ್ತಿ ತುದಿ ದಾಟಿಸಿಯೇ ಎತ್ತಿ, ಕೊನೆಯಲ್ಲಿ ಮಣಿಕಟ್ಟು ತಿರುಗಿಸಿದರೆ ತುದಿ ಮುರಿಯುತ್ತದೆ. ಆಮೇಲೆ ಎಡಗೈ ಸಡಿಲಿಸಿ ಬೆರಳಗಲದ ಇನ್ನೊಂದು ಪದರ ಕೆಳಗೆ ಬಿಡಿ. ಹೀಗೆ ಬೆನ್ನೆಲುಬಿನವರೆಗೆ ಬಂದು, ಮಗ್ಗುಲು ಬದಲಿಸಿ. ಕಾಲಿಗೂ ಹಾಗೇ: ಪಾದದಿಂದ ಮೇಲಕ್ಕೆ ಪದರ ಪದರವಾಗಿ.

ಕಾಲು ಎತ್ತುವಾಗ ಜೋಪಾನ. ನಾಯಿಯ ಕಾಲು ಹಿಂದೆ ಮುಂದೆ ಆಡಲು ಮಾಡಿದ್ದು. ಪಕ್ಕಕ್ಕೆ, ಅಂದರೆ ಮೈಯಿಂದ ಹೊರಗೆ ಎಳೆದು ಹಿಡಿದರೆ ಕೀಲಿಗೆ ನೋವು. ಪುಟ್ಟ ತಳಿಗಳಲ್ಲಿ ಮಂಡಿಚಿಪ್ಪು ಜಾರುವ ತೊಂದರೆ ಬೇರೆ ಹೆಚ್ಚು. ಕಂಕುಳು ಬಾಚುವಾಗ ನಾಯಿ ಕಚ್ಚಲು ಬಂತು ಅಂದರೆ ಬ್ರಷ್‌ಗಿಂತ ಮೊದಲು ನೀವು ಕಾಲು ಹಿಡಿದ ರೀತಿ ನೋಡಿಕೊಳ್ಳಿ. ಅಲ್ಲಾಡಬಾರದು ಅಂತ ಕೊರಳಪಟ್ಟಿ ಹಿಡಿದು ಎಳೆಯುವುದೂ ಬೇಡ. ಯಾರ್ಕಿ, ಪೊಮೆರೇನಿಯನ್‌ಗಳ ಶ್ವಾಸನಾಳ ಸೂಕ್ಷ್ಮ, ಕುಸಿಯುವ ಕಾಯಿಲೆಯೇ ಉಂಟು.

ಮಡಿಲು, ನೆಲ, ಮೇಜು? ಮರಿಗೆ ಮಡಿಲು. ರೂಢಿಯಾದ ಮೇಲೆ ಜಾರದ ಹಾಸು ಹಾಕಿದ ಮೇಜು ನಿಮ್ಮ ಸೊಂಟಕ್ಕೆ ಒಳ್ಳೆಯದು, ಆದರೆ ಒಂದು ಕೈ ಸದಾ ನಾಯಿಯ ಮೇಲಿರಬೇಕು. ಅಷ್ಟು ಎತ್ತರದಿಂದ ಹಾರಿದರೆ ಎರಡು ಮೂರು ಕಿಲೋ ತೂಕದ ನಾಯಿಯ ಕಾಲು ಮುರಿಯುತ್ತದೆ. ಫೋನ್ ಬಂದರೆ ನಾಯಿಯನ್ನು ಕೆಳಗಿಟ್ಟು ಎತ್ತಿಕೊಳ್ಳಿ.

ಒಣ ಕೂದಲು, ಒದ್ದೆ ಕೂದಲು

ಪೂರ್ತಿ ಒಣಗಿದ ಕೂದಲನ್ನು ಬಾಚಿದರೆ ಮುರಿಯುತ್ತದೆ, ಚಟಪಟ ಅಂತ ಎದ್ದು ನಿಲ್ಲುತ್ತದೆ. ಪೂರ್ತಿ ಒದ್ದೆಯಾಗಿದ್ದರೆ ಗಂಟು ಬಿಗಿಯುತ್ತದೆ. ಎರಡರ ನಡುವೆ, ಮಂಜು ಬಿದ್ದಷ್ಟು ತೇವ ಸಾಕು. ಸ್ಪ್ರೇ ಬಾಟಲಿಯಲ್ಲಿ ನೀರಿಗೆ ನಾಯಿಯ ಕಂಡಿಷನರ್ ಒಂದಿಷ್ಟು ಕಲಸಿ ಇಟ್ಟುಕೊಂಡರೆ ದಿನದ ಬಳಕೆಗೆ ಆಯಿತು. ಸಿಕ್ಕು ಬಿಡಿಸುವುದಕ್ಕೆಂದೇ ಮಾರುವ ಸ್ಪ್ರೇಗಳಲ್ಲಿ ಸಿಲಿಕೋನ್ ಇರುವವು ಹೆಚ್ಚು ಜಾರಿಸುತ್ತವೆ, ಹಟಮಾರಿ ಗಂಟಿಗೆ ಒಳ್ಳೆಯವು. ದಿನಾ ಹಾಕಿದರೆ ಅಂಟಿಕೊಂಡು ಧೂಳು ಹಿಡಿಯುತ್ತವೆ. ತಲೆಗೆ ಹಚ್ಚುವ ಎಣ್ಣೆಯ ಗತಿಯೂ ಅದೇ, ಮೇಲೆ ನಾಯಿ ಅದನ್ನು ನೆಕ್ಕುತ್ತದೆ. ಟೀ ಟ್ರೀ ಎಣ್ಣೆಯಂತೂ ನಾಯಿಗೆ ವಿಷ, ಮೈ ಪುಟ್ಟದಾದಷ್ಟೂ ಅಪಾಯ ಜಾಸ್ತಿ. ‘ನೈಸರ್ಗಿಕ’ ಅಂತ ಬರೆದಿದ್ದರೂ ಒಳಗೇನಿದೆ ಅಂತ ಓದಿ.

ನಮ್ಮ ಶಾಂಪೂ ಆಗುತ್ತಾ ಅನ್ನುವ ಪ್ರಶ್ನೆ ಪದೇ ಪದೇ ಬರುತ್ತದೆ. ನಮ್ಮ ಚರ್ಮದ ಪಿಎಚ್ ಸುಮಾರು 5.5, ಆಮ್ಲದ ಕಡೆಗೆ. ನಾಯಿಯದು 7ರ ಹತ್ತಿರ. ಒಂದು ಸಲಕ್ಕೆ ಆಕಾಶ ಕಳಚಿ ಬೀಳುವುದಿಲ್ಲ, ಅದನ್ನೇ ಅಭ್ಯಾಸ ಮಾಡಿದರೆ ಚರ್ಮ ಒಣಗಿ ತುರಿಕೆ ಶುರುವಾಗುತ್ತದೆ.

ಸ್ನಾನಕ್ಕೆ ಮೊದಲು ಬಾಚಬೇಕಾ, ಆಮೇಲಾ? ಮೊದಲೂ ಬೇಕು, ಆಮೇಲೂ ಬೇಕು. ಒಂದೇ ಸಲ ಆಗುವುದಾದರೆ ಮೊದಲು. ಗಂಟಿದ್ದ ಹಾಗೇ ಸ್ನಾನ ಮಾಡಿಸಿದರೆ ಅದರೊಳಗೆ ಶಾಂಪೂ ಉಳಿಯುತ್ತದೆ, ನೀರು ಉಳಿಯುತ್ತದೆ, ಒಣಗಿದಾಗ ಗಂಟು ಇನ್ನಷ್ಟು ಸಣ್ಣಗೆ, ಇನ್ನಷ್ಟು ಗಟ್ಟಿಯಾಗಿ ಚರ್ಮಕ್ಕೆ ಹತ್ತಿರ ಬಂದಿರುತ್ತದೆ. ಟವೆಲ್‌ನಿಂದ ಒರೆಸುವಾಗಲೂ ಗರಗರ ತಿಕ್ಕಬಾರದು, ಒತ್ತಿ ಒತ್ತಿ ನೀರು ಹೀರಿಸಬೇಕು.

ತಾನಾಗೇ ಒಣಗಲು ಬಿಡುವುದು ಗಿಡ್ಡ ಕೂದಲಿಗೆ ಸರಿ. ಉದ್ದ ಕೂದಲಿಗೂ ಪೊಮೆರೇನಿಯನ್‌ಗೂ ಡ್ರೈಯರ್ ಬೇಕು, ಇಲ್ಲದಿದ್ದರೆ ಬುಡ ಗಂಟೆಗಟ್ಟಲೆ ಹಸಿಯಾಗೇ ಇರುತ್ತದೆ. ಹಸಿ ಉಳಿದ ಕಡೆ ಚರ್ಮ ಕೆಟ್ಟು ಹುಣ್ಣಾಗುವುದೂ ಉಂಟು. ನಾವು ಬಳಸುವ ಡ್ರೈಯರ್ ಆದರೆ ತಣ್ಣನೆ ಅಥವಾ ಕಡಿಮೆ ಶಾಖದಲ್ಲಿಟ್ಟು, ಒಂದು ಕೈಯನ್ನು ಗಾಳಿ ಬೀಳುವ ಜಾಗದಲ್ಲೇ ಇಟ್ಟುಕೊಂಡು ಬ್ರಷ್ ಮಾಡುತ್ತಾ ಒಣಗಿಸಿ. ಶಿಟ್ಜು, ಪೆಕಿಂಗೀಸ್‌ಗಳಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಸೆಕೆ ತಡೆಯುವ ಶಕ್ತಿ ಕಮ್ಮಿ. ನಾಲಿಗೆ ಹೊರಗೆ ಬಂದು ಏದುಸಿರು ಶುರುವಾಯಿತೋ, ತಕ್ಷಣ ನಿಲ್ಲಿಸಿ.

ಉದ್ದ ಬಿಡೋದಾ, ಗಿಡ್ಡ ಮಾಡೋದಾ?

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಇದನ್ನು ಮೊದಲು ಸರಿಯಾಗಿ ಮಾಡಿಕೊಂಡರೆ ಬ್ರಷ್ ಚಿಂತೆ ಅರ್ಧ ಇಳಿಯುತ್ತದೆ.

ನೆಲ ಮುಟ್ಟುವ ಕೂದಲು ಬೇಕೆಂದರೆ ದಿನಾ ಇಪ್ಪತ್ತು ಮೂವತ್ತು ನಿಮಿಷ, ತಪ್ಪದೆ. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸ್ನಾನ, ಪ್ರತಿ ಸಲ ಕಂಡಿಷನರ್. ಕೊಳಕಾದ ಕೂದಲು ಶುಚಿಯಾದ ಕೂದಲಿಗಿಂತ ಬೇಗ ಸಿಕ್ಕಾಗುತ್ತದೆ. ಹೊರಗೆ ಹೋಗಿ ಬಂದರೆ ಕಾಲು ಒರೆಸಬೇಕು, ಕಸಕಡ್ಡಿ ಆರಿಸಬೇಕು. ಪ್ರದರ್ಶನಕ್ಕೆ ಬರುವ ನಾಯಿಗಳ ಕೂದಲು ಅಷ್ಟುದ್ದ ಇರುವುದು ಅವನ್ನು ಕಾಗದದ ತುಂಡುಗಳಲ್ಲಿ ಸುತ್ತಿ ರಬ್ಬರ್ ಹಾಕಿ ಕಾಪಾಡುವುದರಿಂದ. ಅಂಗಳದಲ್ಲಿ ಓಡಾಡುತ್ತಾ ಅಷ್ಟುದ್ದ ಉಳಿಸಿಕೊಂಡ ನಾಯಿ ನಾನು ನೋಡಿಲ್ಲ.

ಮೈಮೇಲೆ ಒಂದು ಸೆಂಟಿಮೀಟರ್ ಆಸುಪಾಸು ಬಿಟ್ಟು ಕತ್ತರಿಸಿದರೆ ವಾರಕ್ಕೆರಡು ಸಲ ಬಾಚಿದರೆ ನಡೆಯುತ್ತದೆ. ಆದರೆ ಆರರಿಂದ ಎಂಟು ವಾರಕ್ಕೊಮ್ಮೆ ಮತ್ತೆ ಕತ್ತರಿಸಬೇಕು. ಬಾಚುವ ಸಮಯ ಉಳಿಯಿತು ಅಂತ ಕತ್ತರಿಸುವ ದಿನವನ್ನು ಮುಂದೂಡುತ್ತಾ ಹೋದರೆ ಹಳೆಯ ಕಥೆಯೇ.

ಮಧ್ಯದ ದಾರಿ, ಅಂದರೆ ಮೂರು ನಾಲ್ಕು ಸೆಂಟಿಮೀಟರ್ ಬಿಟ್ಟು ದುಂಡಗೆ ಕತ್ತರಿಸಿದ ಗೊಂಬೆಯಂಥ ರೂಪ, ಹೆಚ್ಚಿನವರು ಕೇಳುವುದು ಇದನ್ನೇ. ಫೋಟೋದಲ್ಲಿ ಮುದ್ದಾಗಿ ಕಾಣುತ್ತದೆ, ನಿಜ. ‘ಗಿಡ್ಡ ಮಾಡಿಸಿದ್ದೀವಲ್ಲ’ ಎಂಬ ಧೈರ್ಯದಲ್ಲಿ ಬಾಚುವುದನ್ನು ಬಿಟ್ಟು ಕೆಡುವುದೂ ಇಲ್ಲೇ. ಮೆತ್ತನೆ ಒಳಪದರ ಇರುವ ಶಿಟ್ಜುವಿಗೆ ಈ ಉದ್ದದಲ್ಲಿ ಗಂಟು ಕಟ್ಟುವುದು ಪೂರ್ತಿ ಉದ್ದ ಬಿಟ್ಟಾಗಿನಷ್ಟೇ. ದಿನ ಬಿಟ್ಟು ದಿನ ಹತ್ತು ನಿಮಿಷ ಆಗುವುದಾದರೆ ಸೈ. ಆಗದಿದ್ದರೆ ಮೈ ಗಿಡ್ಡ ಮಾಡಿಸಿ, ಕಿವಿ ಮತ್ತು ಬಾಲ ಮಾತ್ರ ಉದ್ದ ಬಿಡಿ. ಅಂದವೂ ಉಳಿಯುತ್ತದೆ, ಬಾಚುವ ಜಾಗವೂ ಕಮ್ಮಿ. ನನಗೆ ಇಷ್ಟವಾದ ಆಯ್ಕೆ ಅದೇ.

ಇನ್ನು ಪೊಮೆರೇನಿಯನ್. ಸೆಕೆಗೆ ಅಂತ ಬೋಳಿಸುವವರಿದ್ದಾರೆ. ಮಾಡಬೇಡಿ. ದಟ್ಟ ತುಪ್ಪಳ ಚಳಿಗೆ ಹೇಗೋ ಬಿಸಿಲಿಗೂ ಹಾಗೆ ತಡೆ, ಅದು ಹೋದರೆ ಬಿಸಿಲು ನೇರ ಚರ್ಮಕ್ಕೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಬೋಳಿಸಿದ ಪೊಮೆರೇನಿಯನ್ ಕೂದಲು ಮೊದಲಿನಂತೆ ಬರುತ್ತದೆಂಬ ಖಾತರಿಯಿಲ್ಲ. ಒಂದು ವರ್ಷದ ಮೇಲೂ ಹಿಡಿಯಬಹುದು, ಕೆಲವದಕ್ಕೆ ತೇಪೆ ತೇಪೆಯಾಗಿ ಬರುತ್ತದೆ, ಕೆಲವದಕ್ಕೆ ಮೇಲ್ಗೂದಲು ಬಾರದೆ ಬರೀ ತುಪ್ಪಳ ಉಳಿಯುತ್ತದೆ. ಪಾದದ ಸುತ್ತ, ಬಾಲದಡಿ ಚೊಕ್ಕ ಮಾಡಿಸಿ, ಒಳಗಿನ ಸತ್ತ ತುಪ್ಪಳ ಚೆನ್ನಾಗಿ ತೆಗೆಯಿರಿ. ಗಾಳಿ ಆಡುತ್ತದೆ, ಸೆಕೆ ಕಮ್ಮಿಯಾಗುತ್ತದೆ.

ಕೊರಳಪಟ್ಟಿ, ಎದೆಪಟ್ಟಿಗಳ ವಿಷಯವೂ ಇಲ್ಲೇ ಹೇಳಬೇಕು. ಎದೆಪಟ್ಟಿ ಶ್ವಾಸನಾಳಕ್ಕೆ ಒಳ್ಳೆಯದು, ಕಂಕುಳ ಕೂದಲಿಗೆ ಕೆಟ್ಟದ್ದು. ಹೊರಗೆ ಹೋಗುವಾಗ ಹಾಕಿ, ಮನೆಗೆ ಬಂದ ಕೂಡಲೇ ಬಿಚ್ಚಿ. ಎಷ್ಟೋ ನಾಯಿಗಳ ಕಂಕುಳ ಗಂಟು ಇಷ್ಟರಿಂದಲೇ ಕಮ್ಮಿಯಾಗುತ್ತದೆ.

ಗಂಟು ಬಿಡಿಸೋದಾ, ತೆಗೆಸೋದಾ?

ಬಟಾಣಿ ಗಾತ್ರದ ಸಿಕ್ಕಿಗೆ ಸ್ಪ್ರೇ ಹಾಕಿ ಐದು ನಿಮಿಷ ಬಿಡಿ. ಚರ್ಮಕ್ಕೂ ಗಂಟಿಗೂ ನಡುವೆ ಬುಡದಲ್ಲಿ ಎರಡು ಬೆರಳಿಂದ ಬಿಗಿಯಾಗಿ ಹಿಡಿದುಕೊಳ್ಳಿ, ಎಳೆತ ನಿಮ್ಮ ಬೆರಳಿಗೆ ಬರಲಿ, ಚರ್ಮಕ್ಕೆ ಬೇಡ. ಮೊದಲು ಬೆರಳಲ್ಲೇ ಗಂಟನ್ನು ಅಗಲಕ್ಕೆ ಹಿಂಜಿ. ಆಮೇಲೆ ಬಾಚಣಿಗೆಯ ಕೊನೆಯ ಒಂದೆರಡು ಹಲ್ಲುಗಳಿಂದ ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾ ಬುಡಕ್ಕೆ ಬನ್ನಿ. ಬುಡದಿಂದ ಒಮ್ಮೆಗೇ ಎಳೆದರೆ ಗಂಟು ಬಿಗಿಯುತ್ತದೆ, ನಾಯಿಗೆ ನೋವೂ ಆಗುತ್ತದೆ, ನಾಳೆ ಬಾಚಣಿಗೆ ಕಂಡರೆ ಮಂಚದ ಕೆಳಗೆ ಓಡುತ್ತದೆ.

ಗಂಟು ಅಂಗೈಯಗಲ ಹರಡಿ ಚರ್ಮಕ್ಕೆ ಅಂಟಿದಂತಿದ್ದರೆ ಬಿಡಿಸುವ ಪ್ರಯತ್ನವೇ ಬೇಡ. ಗಂಟೆಗಟ್ಟಲೆ ನೋವು ಕೊಟ್ಟು ಉಳಿಸಿಕೊಳ್ಳುವಂಥದ್ದೇನೂ ಅಲ್ಲಿ ಇರುವುದಿಲ್ಲ. ಕೂದಲು ಮತ್ತೆ ಬರುತ್ತದೆ. ಪೊಮೆರೇನಿಯನ್ ಆದರೂ ಇಂಥ ಸ್ಥಿತಿಯಲ್ಲಿ ಆ ಜಾಗ ಬೋಳಿಸಲೇಬೇಕಾಗುತ್ತದೆ. ಪ್ರಶ್ನೆ, ಕತ್ತರಿಯೋ ಕ್ಲಿಪ್ಪರ್ರೋ?

ಕತ್ತರಿ ಖಂಡಿತ ಬೇಡ. ಗಂಟು ತನ್ನ ಜೊತೆ ಚರ್ಮವನ್ನೂ ಎಳೆದುಕೊಂಡು ಮೇಲೆ ಬಂದಿರುತ್ತದೆ. ಕೂದಲಿನ ಅಡಿ ಅಂತ ನಾವು ಅಂದುಕೊಂಡು ಕತ್ತರಿ ತೂರಿಸುವ ಜಾಗದಲ್ಲಿ ಚರ್ಮದ ಮಡಿಕೆ ಇರುತ್ತದೆ. ಕಿವಿಯ ಅಂಚು, ಕಂಕುಳು ಸೀಳಿಸಿಕೊಂಡು ಹೊಲಿಗೆ ಹಾಕಿಸಿಕೊಳ್ಳಲು ಬರುವ ನಾಯಿಗಳು ಯಾವ ಪಶುವೈದ್ಯರಿಗೂ ಹೊಸದಲ್ಲ. ಮೊಂಡು ತುದಿಯ ಕತ್ತರಿಯೂ ಇದಕ್ಕೆ ಪರಿಹಾರವಲ್ಲ, ಸೀಳುವುದು ಅಲಗು, ತುದಿಯಲ್ಲ.

ಕ್ಲಿಪ್ಪರ್‌ನಲ್ಲಿ 10ನೇ ನಂಬರಿನ ಬ್ಲೇಡ್ ಮನೆಬಳಕೆಗೆ ತಕ್ಕದ್ದು. ಸುಮಾರು 1.5 ಮಿಲಿಮೀಟರ್ ಕೂದಲು ಬಿಡುತ್ತದೆ, ಹಲ್ಲುಗಳು ಒತ್ತೊತ್ತಾಗಿರುವುದರಿಂದ ಚರ್ಮ ಸಿಕ್ಕುವ ಭಯ ಕಮ್ಮಿ. ನಂಬರು ಕಮ್ಮಿಯಾದಷ್ಟೂ ಉಳಿಯುವ ಕೂದಲು ಉದ್ದ: 7ಎಫ್ ಸುಮಾರು 3 ಮಿಲಿಮೀಟರ್, 4ಎಫ್ ಒಂದು ಸೆಂಟಿಮೀಟರಿಗೆ ಹತ್ತಿರ. ಗಂಟಿನ ಮೇಲೆ ಉದ್ದದ ಬ್ಲೇಡ್ ಓಡುವುದೇ ಇಲ್ಲ, ಮತ್ತು ಅದರ ಅಗಲ ಹಲ್ಲುಗಳ ನಡುವೆ ಚರ್ಮದ ಮಡಿಕೆ ಸಿಕ್ಕಿಬೀಳಬಹುದು. ಚರ್ಮವನ್ನು ಇನ್ನೊಂದು ಕೈಯಿಂದ ಬಿಗಿ ಹಿಡಿದು, ಬ್ಲೇಡನ್ನು ಚಪ್ಪಟೆಯಾಗಿಟ್ಟು ಗಂಟಿನ ಅಡಿಯಿಂದ ನಿಧಾನಕ್ಕೆ ನಡೆಸಿ. ಐದಾರು ನಿಮಿಷಕ್ಕೊಮ್ಮೆ ಬ್ಲೇಡನ್ನು ನಿಮ್ಮ ಮಣಿಕಟ್ಟಿಗೆ ತಾಗಿಸಿ ನೋಡಿ, ಬಿಸಿಯಾಗಿದ್ದರೆ ನಿಲ್ಲಿಸಿ. ಗಡ್ಡ ಮಾಡುವ ಟ್ರಿಮ್ಮರ್‌ನಲ್ಲಿ ಈ ಕೆಲಸ ಆಗದು. ನಾಯಿಯ ದಟ್ಟ ಕೂದಲಿಗೆ ಅದು ಕತ್ತರಿಸುವ ಬದಲು ಜಗ್ಗುತ್ತದೆ.

ಗಂಟು ಕಟ್ಟಿದ ಕಿವಿ ಬೋಳಿಸಿದ ಮೇಲೆ ಒಂದೆರಡು ದಿನ ಗಮನವಿರಲಿ. ಭಾರ ಇಳಿದು, ರಕ್ತ ಸಂಚಾರ ಜೋರಾಗಿ, ನಾಯಿ ಕಿವಿ ಒದರುತ್ತಲೇ ಇರುತ್ತದೆ. ಹಾಗೆ ಒದರಿ ಒದರಿ ಕಿವಿಯ ಹಾಳೆಯೊಳಗೆ ರಕ್ತ ತುಂಬಿಕೊಂಡು ಊದುವುದುಂಟು. ಊದಿದ್ದು ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಮುಖ: ಜುಟ್ಟು ಹಾಕೋದಾ, ಮುಂಗೂದಲು ಕತ್ತರಿಸೋದಾ?

ಶಿಟ್ಜುವಿನ ಕಣ್ಣು ಹೊರಚಾಚಿದ್ದು. ಕೂದಲು ಪದೇ ಪದೇ ತಿಕ್ಕಿದರೆ ಕಣ್ಣ ಮೇಲೆ ಹುಣ್ಣಾಗುತ್ತದೆ. ಹಾಗಾಗಿ ಏನೂ ಮಾಡದೆ ಬಿಡುವುದು ಆಯ್ಕೆಯಲ್ಲ. ಜುಟ್ಟು ಚೆಂದ, ಆದರೆ ದಿನಾ ಬಿಚ್ಚಿ, ಬಾಚಿ, ಮತ್ತೆ ಕಟ್ಟಬೇಕು. ರಬ್ಬರನ್ನು ಎಳೆದು ತೆಗೆಯದೆ ಸಣ್ಣ ಕತ್ತರಿಯಿಂದ ರಬ್ಬರನ್ನೇ ಕತ್ತರಿಸಿ ತೆಗೆಯಿರಿ. ಕಟ್ಟಿದ ಮೇಲೆ ಕಣ್ಣು ಮಿಟುಕಿಸಲು ನಾಯಿಗೆ ಕಷ್ಟವಾಗುತ್ತಿದ್ದರೆ ಬಿಗಿ ಜಾಸ್ತಿಯಾಗಿದೆ. ದಿನಾ ಮಾಡಲಾಗದವರು ಮುಂಗೂದಲು ಕತ್ತರಿಸುವುದೇ ಮೇಲು. ಒಂದು ತೊಡಕು, ಒಮ್ಮೆ ಕತ್ತರಿಸಿದರೆ ಮತ್ತೆ ಜುಟ್ಟಿಗೆ ಸಿಗುವಷ್ಟು ಬೆಳೆಯುವ ತನಕ ಆ ಗಿಡ್ಡ ಕೂದಲು ನೇರ ಕಣ್ಣಿಗೇ ಚುಚ್ಚುತ್ತದೆ. ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಿ.

ಬಿಳಿ ನಾಯಿಗಳ ಕಣ್ಣ ಕೆಳಗಿನ ಕಂದು ಕಲೆಗೆ ಕಾರಣ ಕಣ್ಣೀರಿನಲ್ಲಿರುವ ಪೋರ್ಫಿರಿನ್ ಎಂಬ ಬಣ್ಣದ ವಸ್ತು. ದಿನಾ ಒದ್ದೆ ಹತ್ತಿಯಿಂದ ಒರೆಸಿ, ಒಣಗಿಸಿ, ಸಣ್ಣ ಹಲ್ಲಿನ ಮುಖದ ಬಾಚಣಿಗೆಯಿಂದ ಜಿಬರು ತೆಗೆದರೆ ಬಹಳ ಕಡಿಮೆಯಾಗುತ್ತದೆ. ನೀರು ಹಠಾತ್ತಾಗಿ ಹೆಚ್ಚಿದರೆ, ಅದೂ ಒಂದೇ ಕಣ್ಣಿನಲ್ಲಿ, ಅದು ಕೂದಲಿನ ವಿಷಯವಲ್ಲ, ಕಣ್ಣಿನ ವಿಷಯ.

ಮನೆಯಲ್ಲಾ, ಗ್ರೂಮರ್ ಹತ್ತಿರವಾ?

ಬಾಚುವುದು, ಸ್ನಾನ, ಪಾದದಡಿಯ ಕೂದಲನ್ನು ಮೆತ್ತೆಗಳ ಮಟ್ಟಕ್ಕೆ ಕತ್ತರಿಸುವುದು, ಬಾಲದಡಿ ಚೊಕ್ಕ ಮಾಡುವುದು, ಇವೆಲ್ಲ ಮನೆಯಲ್ಲೇ ಆಗುವಂಥವು. ಪಾದದಡಿಯ ಕೂದಲು ಬೆಳೆದರೆ ನುಣುಪು ನೆಲದಲ್ಲಿ ನಾಯಿ ಜಾರುತ್ತದೆ. ಮೆತ್ತೆಗಳ ನಡುವೆ ಕತ್ತರಿ ತೂರಿಸಲು ಹೋಗಬೇಡಿ, ಮಟ್ಟ ಮಾಡಿದರೆ ಸಾಕು. ಮೈಪೂರ್ತಿ ಕತ್ತರಿಸುವುದು ಕೈ ಕುದುರಿದ ಮೇಲೆ. ಮೊದಮೊದಲು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ, ನಾಯಿಗೇನೂ ಬೇಜಾರಿಲ್ಲ. ಮುಖದ ಕೆಲಸ, ಹರಡಿದ ಗಂಟು, ಕಚ್ಚುವ ನಾಯಿ, ಈ ಮೂರಕ್ಕೆ ಕಲಿತವರ ಕೈಯೇ ಬೇಕು. ಎರಡೂ ಸೇರಿಸಿಕೊಳ್ಳುವುದು ಹೆಚ್ಚಿನ ಮನೆಗಳಿಗೆ ಹೊಂದುತ್ತದೆ: ಎಂಟು ವಾರಕ್ಕೊಮ್ಮೆ ಕಟಿಂಗ್ ಅಲ್ಲಿ, ನಡುವಿನದ್ದೆಲ್ಲ ಇಲ್ಲಿ.

ಗ್ರೂಮರ್‌ಗೆ ‘ಸ್ವಲ್ಪ ಚಿಕ್ಕದು ಮಾಡಿ’ ಅನ್ನಬೇಡಿ. ಅವರ ಸ್ವಲ್ಪವೇ ಬೇರೆ, ನಿಮ್ಮ ಸ್ವಲ್ಪವೇ ಬೇರೆ. ಎಷ್ಟು ಸೆಂಟಿಮೀಟರ್ ಉಳಿಯಬೇಕು, ಕಿವಿ, ಬಾಲ, ಗಡ್ಡ ಏನು ಮಾಡಬೇಕು ಅಂತ ಬಿಡಿಸಿ ಹೇಳಿ, ಒಂದು ಫೋಟೋ ತೋರಿಸಿ. ಬೋಳಿಸಲೇಬೇಕು ಅನಿಸಿದರೆ ಮೊದಲು ಫೋನ್ ಮಾಡಿ ಕೇಳಿ ಅಂತಲೂ ಹೇಳಿಟ್ಟಿರಿ. ಹಾಗೆ ಫೋನ್ ಬಂದಾಗ ಮಾತ್ರ ಜಗಳಕ್ಕೆ ನಿಲ್ಲಬೇಡಿ. ಗಂಟನ್ನು ಅವರು ಕಟ್ಟಿಲ್ಲ ಅಲ್ವಾ?

ಬಾಚುವಾಗ ಕೈಗೆ ಸಿಗುವ ಕೆಲವು ಸಂಗತಿಗಳು ಬ್ರಷ್‌ಗೂ ಗ್ರೂಮರ್‌ಗೂ ಸೇರಿದವಲ್ಲ. ಎರಡೂ ಮಗ್ಗುಲಲ್ಲಿ ಒಂದೇ ಥರ ಕೂದಲು ಹೋಗಿ ಬೋಳಾಗಿರುವುದು, ಚರ್ಮ ಕಪ್ಪಾಗುತ್ತಾ ಬರುವುದು, ತೊಳೆದರೂ ಹೋಗದ ಹುಳಿ ವಾಸನೆ, ಬೆರಳಿಗೆ ಸಿಗುವ ಹೊಸ ಗಡ್ಡೆ. ಇವನ್ನು ಕಂಡ ದಿನಾಂಕ ಬರೆದಿಟ್ಟುಕೊಂಡು ಪಶುವೈದ್ಯರಿಗೆ ತೋರಿಸಿ.